ಪಂಜರದ ಗಿಳಿ, ಅಂಗಳದ ಬೆಕ್ಕು

ಸುಬ್‌ಹಿ ನಮಾಝ್ ಮುಗಿಸಿ ನಾನು ಮಸೀದಿಯಿಂದ ಮರಳುವ ಹೊತ್ತಿಗೆ ನಮ್ಮ ಮನೆಯಲ್ಲಿ ಇಬ್ಬರು ನನ್ನನ್ನು ಕಾಯುತ್ತಿದ್ದರು. ಒಬ್ಬಳು ಮೆಟ್ಟಿಲ ಮೇಲೆ ಕುಳಿತ ಬೆಕ್ಕು. ಗೇಟಿನ ಸದ್ದು ಕೇಳಿದೊಡನೆ ಬಾಲ ನೆಟ್ಟಗೆ ಮಾಡಿಕೊಂಡು ಬಂದು ಕಾಲಿಗೆ ಮೈ ಉಜ್ಜುತ್ತಿದ್ದಳು. ಇನ್ನೊಬ್ಬ, ಜಗಲಿಯ ತುದಿಯಲ್ಲಿ ತೂಗುತ್ತಿದ್ದ ಪಂಜರದೊಳಗಿನ ಗಿಳಿ. ಅವನು ನನ್ನನ್ನು ಕಂಡೊಡನೆ ಉಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ಆ ದನಿ ಗಿಳಿಯದಾಗಿರಲಿಲ್ಲ, ನನ್ನ ತಂದೆಯದಾಗಿತ್ತು. ತಂದೆಯವರು 2019ರಲ್ಲಿ ಅಲ್ಲಾಹನ ಕರೆಗೆ ಓಗೊಟ್ಟು ನಮ್ಮನ್ನಗಲಿದರು. ಆದರೆ ಮಸೀದಿಯಿಂದ ಬಂದೊಡನೆ ಚಹಾಕ್ಕಾಗಿ ಅವರು ಉಮ್ಮನನ್ನು ಕರೆಯುತ್ತಿದ್ದ ರೀತಿ, ಹೆಸರಿನ ಕೊನೆಯನ್ನು ತುಸು ಎಳೆಯುತ್ತಿದ್ದ ರಾಗ, ಅದರ ಹಿಂದಿನ ಸಣ್ಣ ಕೆಮ್ಮು, ಎಲ್ಲವೂ ಆ ಹಕ್ಕಿಯ ಗಂಟಲಲ್ಲಿ ಹಾಗೆಯೇ ಉಳಿದುಕೊಂಡಿತ್ತು.

ಆ ಗಿಳಿ ಈಗ ನಮ್ಮ ಮನೆಯಲ್ಲಿಲ್ಲ. ಬೆಕ್ಕು ಇದೆ. ಹೀಗೇಕಾಯಿತೆಂದು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಗಿಳಿಯೋ ಬೆಕ್ಕೋ ಇದೆ. ಅವುಗಳನ್ನು ಪ್ರೀತಿಸದವರು ಕಡಿಮೆ. ಆದರೆ ಒಂದು ಮೂಕಪ್ರಾಣಿಯನ್ನು ಪ್ರೀತಿಸಿದ ಮಾತ್ರಕ್ಕೆ ಅದರ ಮೇಲೆ ನಮಗೆ ಹಕ್ಕು ಬಂದುಬಿಡುತ್ತದೆಯೇ, ಅಥವಾ ನಮ್ಮ ಹೆಗಲ ಮೇಲೆ ಹೊಣೆಯೊಂದು ಬೀಳುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮದ್ರಸದಲ್ಲಿ ಮಕ್ಕಳಿಗೆ ಪ್ರಾಣಿದಯೆಯ ಹದೀಸ್‌ಗಳನ್ನು ಕಲಿಸುತ್ತಾ ಹನ್ನೆರಡು ವರ್ಷ ಒಂದು ಹಕ್ಕಿಯನ್ನು ಕೂಡಿಹಾಕಿದ್ದ ಮನೆಯವನು ನಾನು.

ಬೆಕ್ಕಿನಿಂದ ಸಿಗುವ ಸಂತೋಷವನ್ನು ವಿವರಿಸಬೇಕಾಗಿಲ್ಲ. ಅದು ಯಾರ ಆಜ್ಞೆಯನ್ನೂ ಪಾಲಿಸುವುದಿಲ್ಲ. ಕರೆದಾಗ ಬಾರದು, ಕರೆಯದಾಗ ಬಂದು ನೀವು ಓದುತ್ತಿರುವ ಪುಸ್ತಕದ ಮೇಲೆಯೇ ಮಲಗುತ್ತದೆ. ನಾನು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತರೆ ಆ ಕಟ್ಟಿನ ಮೇಲೆಯೇ ಅವಳಿಗೆ ನಿದ್ದೆ ಬರಬೇಕು. ಮೀನು ತಂದ ದಿನ ತೋರುವ ಪ್ರೀತಿಯನ್ನು ತರಕಾರಿ ತಂದ ದಿನ ತೋರಿಸುವುದಿಲ್ಲ. ಈ ಬೆಕ್ಕು ನಮ್ಮ ಮನೆಗೆ ಬಂದುದು 2020ರ ಲಾಕ್‌ಡೌನ್ ಕಾಲದಲ್ಲಿ. ಹೋಟೆಲು, ಮೀನು ಮಾರುಕಟ್ಟೆ ಎಲ್ಲವೂ ಮುಚ್ಚಿದ್ದ ಆ ದಿನಗಳಲ್ಲಿ ಹೊಟ್ಟೆಗಿಲ್ಲದೆ ಬಡಕಲಾಗಿದ್ದ ಮರಿಯೊಂದು ಹಿತ್ತಲ ಬಾಗಿಲಿಗೆ ಬಂದು ಕೂಗಿತು. ಮಗಳು ಗಂಜಿಯ ತೆಳಿಗೆ ಒಂದಿಷ್ಟು ಹಾಲು ಬೆರೆಸಿ ಇಟ್ಟಳು. ಅಷ್ಟೇ, ಮರುದಿನದಿಂದ ಮನೆ ಅದರದಾಯಿತು. ಮಕ್ಕಳು ತುಳುವಿನಲ್ಲಿ ಬೆಕ್ಕಿಗಿರುವ ‘ಪುಚ್ಚೆ’ ಎಂಬ ಹೆಸರನ್ನೇ ಅದಕ್ಕೆ ಇಟ್ಟರು. ಅದಕ್ಕಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆಯಲಿಲ್ಲ.

ಬೆಕ್ಕಿನ ಕುರಿತು ಇಸ್ಲಾಮಿನ ನಿಲುವು ನಮಗೆಲ್ಲ ಗೊತ್ತಿರುವುದೇ. ಅಬೂ ಕತಾದ(ರ)ರಿಗೆ ಅವರ ಸೊಸೆ ಕಬ್‌ಶಾ ವುಝೂವಿನ ನೀರನ್ನು ಇಟ್ಟಾಗ ಬೆಕ್ಕೊಂದು ಬಂದು ಅದಕ್ಕೆ ಬಾಯಿ ಹಾಕಿತು. ಅವರು ಪಾತ್ರೆಯನ್ನು ಇನ್ನಷ್ಟು ಬಾಗಿಸಿ ಅದಕ್ಕೆ ಕುಡಿಸಿದರು. ಸೊಸೆ ಬೆರಗಿನಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ನಜಸಲ್ಲವೆಂದೂ ಅದು ನಮ್ಮ ಸುತ್ತ ಸುಳಿದಾಡುವವರಲ್ಲಿ ಸೇರಿದ್ದೆಂದೂ ಪ್ರವಾದಿ(ಸ) ಹೇಳಿರುವುದನ್ನು ತಿಳಿಸಿದರು. ಈ ವರದಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಸುಳಿದಾಡುವವರು ಎಂಬ ಆ ಪದವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬರುವವರು, ಹೋಗುವವರು. ಬಾಗಿಲು ತೆರೆದಿದ್ದರೆ ಮಾತ್ರ ಆ ಪದಕ್ಕೆ ಅರ್ಥವಿದೆ.

ಅಬೂ ಹುರೈರಾ(ರ)ರ ಹೆಸರಿನಲ್ಲೇ ಬೆಕ್ಕಿನ ಮರಿಯಿದೆ. ಮನೆಯವರ ಆಡುಗಳನ್ನು ಮೇಯಿಸುವಾಗ ಅವರ ಬಳಿ ಒಂದು ಪುಟ್ಟ ಮರಿ ಇತ್ತು, ಹಗಲಿಡೀ ಅದರೊಡನೆ ಆಡಿ ರಾತ್ರಿ ಅದನ್ನು ಮರವೊಂದರಲ್ಲಿ ಇರಿಸುತ್ತಿದ್ದರು. ಪ್ರವಾದಿ(ಸ)ರು ನಿಲುವಂಗಿಯ ಮೇಲೆ ಮಲಗಿದ್ದ ಬೆಕ್ಕನ್ನು ಎಬ್ಬಿಸಲು ಮನಸ್ಸಾಗದೆ ತೋಳನ್ನೇ ಕತ್ತರಿಸಿದರೆಂಬ ಕಥೆಯನ್ನು ಹಲವರು ಹೇಳುತ್ತಾರೆ. ಕೇಳಲು ಬಹಳ ಇಂಪಾಗಿದೆ, ಆದರೆ ಪ್ರಸಿದ್ಧ ಹದೀಸ್ ಗ್ರಂಥಗಳಲ್ಲಿ ಅದು ಕಾಣಸಿಗುವುದಿಲ್ಲ. ಆಧಾರವುಳ್ಳ ಮಾತುಗಳೇ ಇಷ್ಟಿರುವಾಗ ಆಧಾರವಿಲ್ಲದ್ದು ಯಾಕೆ ಬೇಕು?

ಇನ್ನು ಗಿಳಿಯ ಕಥೆ. 2011ರಲ್ಲಿ ತಂದೆಯವರು ಒಂದು ಜಾತ್ರೆಯ ಸಂತೆಯಿಂದ ಅದನ್ನು ತಂದರು. ಕೈಚೀಲದೊಳಗೆ ಬಟ್ಟೆ ಸುತ್ತಿ ಮಾರುತ್ತಿದ್ದನಂತೆ ಒಬ್ಬ. ಆಗ ಅದಕ್ಕೆ ಪುಕ್ಕವೂ ಸರಿಯಾಗಿ ಬಂದಿರಲಿಲ್ಲ. ಮೂರನೇ ವರ್ಷದಲ್ಲಿ ಕೊರಳಿಗೆ ಕರಿ-ಗುಲಾಬಿ ಉಂಗುರ ಮೂಡಿದಾಗಲೇ ಗಂಡೆಂದು ತಿಳಿದದ್ದು. ಮಿಟ್ಟು ಎಂದು ಕರೆದೆವು. ತಂದೆಯವರು ಪ್ರತಿದಿನ ಪಂಜರದ ಮುಂದೆ ಕುಳಿತು ಅದಕ್ಕೆ ಸಲಾಮ್ ಹೇಳಲು ಕಲಿಸಿದರು. ಬಂದ ನೆಂಟರಿಗೆಲ್ಲ ಅದು ಸಲಾಮ್ ಹೇಳುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆಯನ್ನು ನಾನು, ಅವರ ಮಗ, ಯಾವ ಪರೀಕ್ಷೆ ಪಾಸಾದಾಗಲೂ ಕಾಣಲಿಲ್ಲ! ಪೇರಳೆ ಹಣ್ಣಿನ ಹೋಳು, ಹಸಿಮೆಣಸು, ನೆನೆಸಿದ ಕಡಲೆ ಎಲ್ಲವನ್ನೂ ಅವರೇ ಕೈಯಾರೆ ಕೊಡುತ್ತಿದ್ದರು. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

ಆದರೆ ಪಂಜರ ತೂಗುತ್ತಿದ್ದುದು ಜಗಲಿಯ ತುದಿಯಲ್ಲಿ, ಮನೆಯವರಿಂದ ದೂರ. ಅದಕ್ಕೆ ಕಾರಣವಿತ್ತು. ಶಾಫಿಈ ಮದ್‌ಹಬ್ ಪ್ರಕಾರ ಹಕ್ಕಿಯ ಹಿಕ್ಕೆ ನಜಸ್. ನಮಾಝ್ ಮಾಡುವ ಕೋಣೆಯ ಹತ್ತಿರ ಅದು ಬೇಡವೆಂದು ಉಮ್ಮ ಹೇಳಿದ್ದರು. ನಮ್ಮ ಶುದ್ಧಿಯ ಚಿಂತೆ ಸರಿಯಾದದ್ದೇ. ಅದರ ಫಲವಾಗಿ ಹಗಲಿನ ಹೆಚ್ಚಿನ ಹೊತ್ತು ಆ ಹಕ್ಕಿ ಒಂಟಿಯಾಗಿರುತ್ತದೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ತಂದೆ ಗತಿಸಿದ ಮೇಲೆ ಅದು ತನ್ನ ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ಪುಕ್ಕ ಉದುರುವ ಕಾಲವಿರಬೇಕೆಂದು ನಾವು ಸುಮ್ಮನಾದೆವು. ಸಂಗಾತಿಯಿಲ್ಲದೆ, ಕೆಲಸವಿಲ್ಲದೆ ಕೂಡಿಟ್ಟ ಗಿಳಿಗಳು ಹೀಗೆ ತಮ್ಮ ಮೈಯನ್ನೇ ಕುಕ್ಕಿಕೊಳ್ಳುವುದುಂಟೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಗಿಳಿ ಮಾತನಾಡುವುದು ಯಾಕೆ? ಕನ್ನಡದಲ್ಲಿ ನಾವು ‘ಗಿಳಿಪಾಠ’ ಎನ್ನುತ್ತೇವೆ. ಅರ್ಥವರಿಯದೆ ಉರು ಹೊಡೆಯುವ ವಿದ್ಯಾರ್ಥಿಯನ್ನು ಬೈಯಲು ನಾನೂ ಆ ಪದವನ್ನು ಬಳಸಿದ್ದೇನೆ. ಈಗ ಬಳಸುವುದಿಲ್ಲ. ಗಿಳಿಗೆ ನಮ್ಮಂತೆ ತುಟಿಗಳಿಲ್ಲ, ನಮ್ಮಂತಹ ಧ್ವನಿತಂತುಗಳೂ ಇಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವ ಜಾಗದಲ್ಲಿ, ಎದೆಯ ಆಳದಲ್ಲಿ, ಅದರ ಸ್ವರಾಂಗವಿದೆ. ಅಲ್ಲಿಂದ ಹೊರಟ ಸದ್ದನ್ನು ದಪ್ಪ ನಾಲಗೆಯಿಂದ ತಿದ್ದಿ ಅದು ಮನುಷ್ಯನ ಮಾತನ್ನು ಮಾಡುತ್ತದೆ. ಕಾಡಿನಲ್ಲಿ ಅದು ಈ ಶಕ್ತಿಯನ್ನು ಬಳಸುವುದು ತನ್ನ ಹಿಂಡಿನವರ ಕರೆಗಳನ್ನು ಕಲಿಯುವುದಕ್ಕೆ. ಗಿಳಿ ಹಿಂಡಿನ ಪ್ರಾಣಿ. ಒಂದಾಗಿ ಹಾರಿ, ಒಂದಾಗಿ ಮೇದು, ಸಂಜೆಗೆ ನೂರಾರು ಸೇರಿ ಒಂದೇ ಮರದಲ್ಲಿ ಗದ್ದಲವೆಬ್ಬಿಸಿ ಮಲಗುತ್ತವೆ. ಹಿಂಡಿನ ಕರೆಯನ್ನು ಕಲಿಯದವನಿಗೆ ಹಿಂಡಿನಲ್ಲಿ ಜಾಗವಿಲ್ಲ. ಮರಿಯಾಗಿದ್ದಾಗಲೇ ಕಿತ್ತು ತಂದ ಗಿಳಿಗೆ ಹಿಂಡೆಂದರೆ ನಾವೇ. ಹಾಗಾಗಿ ಅದು ನಮ್ಮ ಕರೆಗಳನ್ನು ಕಲಿಯುತ್ತದೆ. ಮಿಟ್ಟು ಸಲಾಮ್ ಹೇಳಿದಾಗ ನಾವು ಹಿಗ್ಗಿದೆವಲ್ಲ, ಅದು ತನ್ನ ಭಾಷೆಯಲ್ಲಿ ಮಾತನಾಡಲು ಯಾರೂ ಇಲ್ಲದವನು ಹೇಳಿದ ಸಲಾಮ್ ಆಗಿತ್ತು. ತಂದೆಯವರ ದನಿಯಲ್ಲಿ ಅದು ಉಮ್ಮನನ್ನು ಕರೆದದ್ದೂ, ಆ ಹೆಸರನ್ನು ಕೂಗಿದರೆ ಮನೆಯೊಳಗಿಂದ ಯಾರೋ ಹೊರಗೆ ಬರುತ್ತಾರೆಂದು ಅದು ಕಂಡುಕೊಂಡಿದ್ದರಿಂದ.

ಇದು ಬರೀ ಉರು ಹೊಡೆಯುವುದಲ್ಲವೆಂಬುದಕ್ಕೆ ಅಮೆರಿಕದಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ ಸಾಕಿದ ಅಲೆಕ್ಸ್ ಎಂಬ ಬೂದು ಗಿಳಿಯೇ ನಿದರ್ಶನ. 1977ರಿಂದ 2007ರಲ್ಲಿ ಸಾಯುವವರೆಗೆ ಅದು ಬಣ್ಣ, ಆಕಾರಗಳನ್ನು ಗುರುತಿಸಿ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಅಷ್ಟು ಬುದ್ಧಿಯುಳ್ಳ ಜೀವಿಗೆ ಒಂದೂವರೆ ಅಡಿ ಅಗಲದ ಪಂಜರದಲ್ಲಿ ಹನ್ನೆರಡು ವರ್ಷವೆಂದರೆ ಏನಾಗಿರಬಹುದು? ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯವು ಸಾರುತ್ತದೆ. ಈ ಆಯತ್ ನನಗೆ ಕಂಠಪಾಠವಿತ್ತು. ಗಿಳಿಪಾಠ ಯಾರದು ಎಂದು ಈಗ ನನಗೆ ನಾಚಿಕೆಯಾಗುತ್ತದೆ.

ಬೆಕ್ಕಿನ ಮಾತಿಗೂ ಇಂತಹದೇ ಒಂದು ಸ್ವಾರಸ್ಯವಿದೆ. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ‘ಮ್ಯಾಂವ್’ ಎನ್ನುವುದು ಅಪರೂಪ. ಮರಿಗಳು ತಾಯಿಗಾಗಿ ಹಾಗೆ ಕೂಗುತ್ತವೆ, ದೊಡ್ಡದಾದ ಮೇಲೆ ಆ ಕೂಗನ್ನು ಹೆಚ್ಚಾಗಿ ಮನುಷ್ಯರಿಗಾಗಿಯೇ ಇಟ್ಟುಕೊಂಡಿರುತ್ತವೆ. ಅಂದರೆ ಬೆಕ್ಕೂ ನಮಗಾಗಿ ಒಂದು ಭಾಷೆ ಮಾಡಿಕೊಂಡಿದೆ. ಆದರೆ ಬೆಕ್ಕನ್ನು ಯಾರೂ ಬಲೆ ಬೀಸಿ ಮನೆಗೆ ತಂದದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಬೇಸಾಯ ಕಲಿತು ಧಾನ್ಯ ಕೂಡಿಡತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಬೆಕ್ಕು ತಾನಾಗಿ ಬಂದಿತು. ನಮ್ಮ ಪುಚ್ಚೆ ಹಿತ್ತಲ ಬಾಗಿಲಿಗೆ ಬಂದಂತೆಯೇ. ಒಂದು ಜೀವಿ ನಮ್ಮ ಭಾಷೆ ಕಲಿತದ್ದು ಬರಲು, ಇನ್ನೊಂದು ಕಲಿತದ್ದು ಹೋಗಲಾರದೆ.

ಬೆಕ್ಕನ್ನು ಕಟ್ಟಿಹಾಕಿ ಕೊಂದುದಕ್ಕಾಗಿ ನರಕಾಗ್ನಿಗೆ ಗುರಿಯಾದ ಸ್ತ್ರೀಯ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮದ್ರಸದ ಎಳೆಯ ಮಕ್ಕಳಿಗೂ ಅದು ಗೊತ್ತು. ಆಕೆ ಮಾಡಿದ ತಪ್ಪೇನೆಂದು ಕೇಳಿದರೆ ಎಲ್ಲರೂ ಒಂದೇ ಉಸಿರಿನಲ್ಲಿ, ಅನ್ನ ನೀರು ಕೊಡಲಿಲ್ಲ ಉಸ್ತಾದ್ ಎನ್ನುತ್ತಾರೆ. ಆದರೆ ಹದೀಸ್ ಅಲ್ಲಿಗೆ ನಿಲ್ಲುವುದಿಲ್ಲ. ಆಕೆ ಅದಕ್ಕೆ ತಿನ್ನಿಸಲೂ ಇಲ್ಲ, ನೆಲದ ಹುಳಹುಪ್ಪಟೆಗಳನ್ನಾದರೂ ತಾನೇ ಹುಡುಕಿ ತಿನ್ನಲೆಂದು ಬಿಟ್ಟುಬಿಡಲೂ ಇಲ್ಲ ಎಂದು ಎರಡನ್ನೂ ಅದು ಎತ್ತಿ ಹೇಳುತ್ತದೆ. ಬಿಟ್ಟಿದ್ದರೆ ಬೆಕ್ಕು ತನ್ನ ಪಾಡನ್ನು ತಾನು ನೋಡಿಕೊಳ್ಳುತ್ತಿತ್ತು. ಬಾಗಿಲನ್ನು ಮುಚ್ಚಿದ ಕ್ಷಣದಲ್ಲೇ ಅದರ ಹಸಿವು, ಬಾಯಾರಿಕೆ, ರೋಗ, ಎಲ್ಲವೂ ಆಕೆಯ ಲೆಕ್ಕಕ್ಕೆ ಬರೆಯಲ್ಪಟ್ಟವು. ಹೊಟ್ಟೆ ತುಂಬ ತಿನ್ನಿಸಿದ್ದೇವಲ್ಲಾ ಎಂದು ಪಂಜರದ ಒಡೆಯನು ಸಮಾಧಾನಪಟ್ಟುಕೊಳ್ಳುವಾಗ, ಆ ಹಕ್ಕಿಗೆ ಹಸಿವಿನಂತೆಯೇ ಹಾರಾಟದ ಬಯಕೆಯೂ ಇದೆ, ಜೊತೆಗಾರರ ಬಯಕೆಯೂ ಇದೆ ಎಂಬುದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಇಲ್ಲಿ ಓದುಗರಲ್ಲಿ ಕೆಲವರು ಒಂದು ಪ್ರಶ್ನೆ ಎತ್ತಬಹುದು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಹಕ್ಕಿಯನ್ನು ಸಾಕಿದ್ದನಲ್ಲ, ಪ್ರವಾದಿ(ಸ) ಅದನ್ನು ಆಕ್ಷೇಪಿಸಲಿಲ್ಲವಲ್ಲ ಎಂದು. ಸರಿಯಾದ ಪ್ರಶ್ನೆಯೇ. ಆ ಹಕ್ಕಿ ಸತ್ತು ಮಗು ಮಂಕಾಗಿ ಕುಳಿತಿದ್ದಾಗ ಪ್ರವಾದಿ(ಸ)ರು ಪ್ರಾಸಬದ್ಧವಾಗಿ ಅವನ ಹೆಸರನ್ನೂ ಹಕ್ಕಿಯ ಹೆಸರನ್ನೂ ಜೋಡಿಸಿ ಅದರ ಬಗ್ಗೆ ವಿಚಾರಿಸಿ ಅವನ ಮನಸ್ಸನ್ನು ಹಗುರ ಮಾಡಿದರು. ಈ ಒಂದು ಚಿಕ್ಕ ಹದೀಸಿನಿಂದ ಅರುವತ್ತು ಪ್ರಯೋಜನಗಳನ್ನು ಹೆಕ್ಕಿ ಗ್ರಂಥ ಬರೆದವರು ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್. ಚೆನ್ನಾಗಿ ನೋಡಿಕೊಳ್ಳುವುದಾದರೆ ಹಕ್ಕಿಯನ್ನು ಇಟ್ಟುಕೊಳ್ಳಬಹುದೆಂದು ವಿದ್ವಾಂಸರು ಹೇಳಿರುವುದಕ್ಕೂ ಇದೇ ಆಧಾರ. ನಾನು ಫತ್ವಾ ಕೊಡುವವನಲ್ಲ, ಅನುಮತಿಸಿದ್ದನ್ನು ಹರಾಮೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಅನುಮತಿ ಎನ್ನುವುದು ಪ್ರಶ್ನೆಯ ಆರಂಭವೇ ಹೊರತು ಮುಕ್ತಾಯವಲ್ಲ. ಅದೇ ಪ್ರವಾದಿ(ಸ)ರು ಒಂದು ಪ್ರಯಾಣದಲ್ಲಿ, ಸಂಗಾತಿಗಳು ಎತ್ತಿ ತಂದ ಎರಡು ಮರಿಗಳಿಗಾಗಿ ತಾಯಿಹಕ್ಕಿಯೊಂದು ರೆಕ್ಕೆ ಬಡಿಯುತ್ತಾ ಸುತ್ತುವುದನ್ನು ಕಂಡು, ಮರಿಗಳನ್ನು ಅದಕ್ಕೆ ಮರಳಿಸಲು ಆಜ್ಞಾಪಿಸಿದರೆಂದು ಅಬೂದಾವೂದ್‌ನಲ್ಲಿದೆ. ನಮ್ಮ ಜಗಲಿಯ ಗಿಳಿ ಯಾವ ಹದೀಸಿನ ಹಕ್ಕಿ, ಅಬೂ ಉಮೈರನದ್ದೋ, ಆ ತಾಯಿಯದ್ದೋ?

ಗಿಳಿಮರಿಗಳನ್ನು ಹಿಡಿಯುವ ಬಗೆಯನ್ನು ತಿಳಿದರೆ ಉತ್ತರ ಕಷ್ಟವಲ್ಲ. ನಮ್ಮಲ್ಲಿ ಗಿಳಿಗಳು ಹೆಚ್ಚಾಗಿ ಚಳಿಗಾಲ ಕಳೆಯುವ ಹೊತ್ತಿನಿಂದ ಬೇಸಗೆಯವರೆಗೆ ಮರದ ಪೊಟರೆಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಕಳ್ಳರು ಮರವೇರಿ ಪೊಟರೆಗೆ ಕೈಹಾಕಿ ಕಣ್ಣು ಸರಿಯಾಗಿ ಬಿಡದ ಮರಿಗಳನ್ನೂ ಎಳೆದು ತರುತ್ತಾರೆ. ಬುಟ್ಟಿಯಲ್ಲಿ, ಚೀಲದಲ್ಲಿ ತುಂಬಿ ಸಾಗಿಸುವಾಗ ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ. ಬದುಕುಳಿದವುಗಳ ರೆಕ್ಕೆ ಕತ್ತರಿಸುತ್ತಾರೆ. ಕನ್ನಡ ಬಿ.ಎ. ಓದುವಾಗ ನಾಗವರ್ಮನ ಕರ್ನಾಟಕ ಕಾದಂಬರಿಯ ಕಥೆ ನಮಗಿತ್ತು. ಅದರಲ್ಲಿ ಕಥೆ ಹೇಳುವುದೇ ಒಂದು ಗಿಳಿ. ಬೇಡನೊಬ್ಬ ಬೂರುಗದ ಮರವೇರಿ ಪೊಟರೆಗಳಿಂದ ಗಿಳಿಗಳನ್ನು ಎಳೆದು ಕೊಂದು ಕೆಳಗೆಸೆಯುವಾಗ, ಮುದಿ ತಂದೆಗಿಳಿ ತನ್ನ ಮರಿಯನ್ನು ರೆಕ್ಕೆಯಡಿ ಅಪ್ಪಿಕೊಂಡೇ ಸಾಯುತ್ತದೆ. ಆ ಭಾಗವನ್ನು ಪರೀಕ್ಷೆಗಾಗಿ ಓದಿ ಅಂಕ ಪಡೆದೆ. ಸಂಜೆ ಮನೆಗೆ ಬಂದು ಪಂಜರದ ಗಿಳಿಗೆ ಮೆಣಸು ಕೊಟ್ಟೆ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಬಜರಿಗರ್, ಕಾಕಟೀಲ್, ಲವ್ ಬರ್ಡ್ಸ್ ಮುಂತಾದವು ಆಸ್ಟ್ರೇಲಿಯಾ, ಆಫ್ರಿಕಾ ಮೂಲದವು, ಪಂಜರದಲ್ಲೇ ತಲೆಮಾರುಗಳಿಂದ ಬೆಳೆಸಲ್ಪಟ್ಟವು. ಅವುಗಳ ವಿಷಯ ಬೇರೆ. ಆದರೆ ಜಾತ್ರೆಯಲ್ಲಿ ಸಿಗುವ ಹಸಿರು ಗಿಳಿ, ಗಿಳಿಶಾಸ್ತ್ರ ಹೇಳುವವನ ಕೈಯಲ್ಲಿ ಚೀಟಿ ಎತ್ತುವ ಗಿಳಿ, ನಮ್ಮಲ್ಲಿ ಎಷ್ಟೋ ಮಂದಿ ಸಾಕಿರುವ ಗಿಳಿ, ಎಲ್ಲವೂ ಕಾನೂನಿನ ದೃಷ್ಟಿಯಲ್ಲಿ ಕದ್ದ ಮಾಲು. ನನ್ನ ತಂದೆಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಾದ ಮೇಲೂ ಎರಡು ವರ್ಷ ಸುಮ್ಮನಿದ್ದೆ. ಯಾರೂ ಕೇಳಲು ಬರುವುದಿಲ್ಲವೆಂಬುದೇ ನನ್ನ ಸಮಾಧಾನವಾಗಿತ್ತು. ಅಲ್ಲಾಹನು ನೋಡುತ್ತಿದ್ದಾನೆಂದು ಬೆಳಗ್ಗೆ ಮಕ್ಕಳಿಗೆ ಪಾಠ ಮಾಡುವವನ ಸಮಾಧಾನ!

2023ರ ಮಳೆಗಾಲದ ಒಂದು ರಾತ್ರಿ ಪುಚ್ಚೆ ಪಂಜರದ ಮೇಲೆ ಹಾರಿತು. ಅಷ್ಟು ದಿನ ಕೆಳಗೆ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದುದನ್ನು ನಾವು ಗೆಳೆತನವೆಂದು ತಿಳಿದು ನೆಂಟರಿಗೆ ತೋರಿಸಿ ನಗುತ್ತಿದ್ದೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಲಿಗಾದರೂ ಓಡಲು ದಾರಿಯಿದೆ. ಸದ್ದು ಕೇಳಿ ನಾವು ಓಡಿಬಂದಾಗ ಮಿಟ್ಟುವಿನ ರೆಕ್ಕೆಯ ಬುಡದಲ್ಲಿ ರಕ್ತವಿತ್ತು. ಗಾಯ ಸಾಸಿವೆಯಷ್ಟೇ. ಅರಿಶಿನ ಹಚ್ಚಿದರೆ ಸಾಕೆಂದು ಉಮ್ಮ ಹೇಳಿದರು. ನಾನು ಹಾಗೆಯೇ ಅಂದುಕೊಂಡಿದ್ದೆ. ಹೆಂಡತಿ ಹಟ ಹಿಡಿದದ್ದರಿಂದ ಬೆಳಗಾಗುತ್ತಲೇ ಪಶುವೈದ್ಯರ ಬಳಿಗೆ ಒಯ್ದೆವು. ಬೆಕ್ಕಿನ ಬಾಯಲ್ಲಿರುವ ರೋಗಾಣುಗಳು ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು, ಗಾಯ ಎಷ್ಟೇ ಚಿಕ್ಕದಾಗಿರಲಿ ಕೂಡಲೇ ಔಷಧಿ ಆಗಬೇಕು ಎಂದು ಅವರು ಹೇಳಿದರು. ಬೆಕ್ಕು ಮತ್ತು ಹಕ್ಕಿ ಎರಡೂ ಇರುವ ಮನೆಯವರು ಇದನ್ನು ನೆನಪಿಡಬೇಕು. ಔಷಧಿ ಕೊಟ್ಟ ಮೇಲೆ ಅವರು ಮೆಲ್ಲನೆ ಕೇಳಿದರು, ಇದನ್ನು ಇಟ್ಟುಕೊಳ್ಳುವಂತಿಲ್ಲವೆಂದು ನಿಮಗೆ ಗೊತ್ತಲ್ಲವೇ ಎಂದು. ನಾನು ತಲೆ ತಗ್ಗಿಸಿದೆ.

ಮನೆಗೆ ಬಂದರೆ ಎಲ್ಲರ ಕೋಪ ಬೆಕ್ಕಿನ ಮೇಲೆ. ಗೋಣಿಯಲ್ಲಿ ಹಾಕಿ ದೂರದ ಮೀನು ಮಾರುಕಟ್ಟೆಯಲ್ಲಿ ಬಿಟ್ಟುಬನ್ನಿ ಎಂದರು ನೆರೆಯವರು. ನಮ್ಮೂರಲ್ಲಿ ಬೇಡವಾದ ಬೆಕ್ಕಿಗೆ ಇರುವ ಶಿಕ್ಷೆ ಅದು. ಮಗಳು ಬೆಕ್ಕನ್ನು ಅಪ್ಪಿಕೊಂಡು ಅಳತೊಡಗಿದಳು. ನನಗೂ ಸಿಟ್ಟಿತ್ತು. ಆದರೆ ಬೆಕ್ಕು ಮಾಡಿದ್ದೇನು? ಅಲ್ಲಾಹನು ಅದರಲ್ಲಿಟ್ಟ ಸ್ವಭಾವದಂತೆ ನಡೆದುಕೊಂಡಿತು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಮಾವಿನ ಮರದಲ್ಲಿ ಕುಳಿತ ಗಿಳಿಯ ಮೇಲೆ ಹಾರಿದ್ದರೆ ಗಿಳಿ ಹಾರಿಹೋಗುತ್ತಿತ್ತು. ಹಾರಲಾಗದ ಜಾಗದಲ್ಲಿ ಅದನ್ನು ತೂಗುಹಾಕಿದವರು ನಾವು. ಹಿಡಿದವನು ಒಬ್ಬ, ಮಾರಿದವನು ಒಬ್ಬ, ಕೊಂಡವರು ನಾವು, ಶಿಕ್ಷೆ ಬೆಕ್ಕಿಗೆ!

ಬೆಕ್ಕಿನ ವಿಷಯದಲ್ಲಿ ನಮ್ಮ ಹೊಣೆ ಕಡಿಮೆಯೆಂದು ಇದರ ಅರ್ಥವಲ್ಲ. ತೆರೆದ ಬಾಗಿಲಿನ ಸ್ವಾತಂತ್ರ್ಯಕ್ಕೂ ಬೆಲೆಯಿದೆ, ಅದನ್ನು ಅಂಗಳದ ಹಕ್ಕಿಗಳೂ ಅಳಿಲುಗಳೂ ನೆರೆಯವರ ಮೀನಿನ ತಟ್ಟೆಯೂ ತೆರುತ್ತವೆ. ವರ್ಷಕ್ಕೆರಡು ಸಲ ಮರಿ ಹಾಕಿಸಿ ಅವುಗಳನ್ನು ಮಾರುಕಟ್ಟೆಯ ಮೂಲೆಯಲ್ಲಿ ಬಿಟ್ಟುಬರುವವರು, ತಾವು ಬೆಕ್ಕು ಪ್ರೇಮಿಗಳೆಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಸಂತಾನಹರಣ ಚಿಕಿತ್ಸೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ತಿಳಿದವರಲ್ಲಿ ಕೇಳಿಕೊಳ್ಳಬೇಕು. ರೇಬೀಸ್ ಲಸಿಕೆಯ ಬಗ್ಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಬೆಕ್ಕು ಕಚ್ಚಿದರೂ ರೇಬೀಸ್ ಬರಬಹುದು, ಬಂದರೆ ಉಳಿಗಾಲವಿಲ್ಲ. ಬೆಕ್ಕಿಗೂ ಲಸಿಕೆ ಹಾಕಿಸಬೇಕು, ಕಚ್ಚಿಸಿಕೊಂಡ ಮಕ್ಕಳಿಗೆ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಕೂಡಲೇ ಚುಚ್ಚುಮದ್ದು ಕೊಡಿಸಬೇಕು. ಗರ್ಭಿಣಿಯರು ಬೆಕ್ಕಿನ ಮಲವನ್ನು ಬರಿಗೈಯಿಂದ ತೆಗೆಯಬಾರದು, ಅದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ಕೇಡಾಗುವ ಸೋಂಕು ತಗಲಬಹುದು. ಅದಕ್ಕಾಗಿ ಬೆಕ್ಕನ್ನೇ ಓಡಿಸಬೇಕಾಗಿಲ್ಲ, ಆ ಕೆಲಸವನ್ನು ಗಂಡ ಮಾಡಿದರೆ ಸಾಕು.

ಮತ್ತೆ ಮಿಟ್ಟುವಿನ ವಿಷಯ. ವೈದ್ಯರಲ್ಲಿಂದ ಬಂದ ರಾತ್ರಿ ನನ್ನಲ್ಲಿ ಒಂದು ಆವೇಶ ಹುಟ್ಟಿತು. ಗಾಯ ಮಾಸಿದೊಡನೆ ಪಂಜರದ ಬಾಗಿಲು ತೆರೆದು ಅಲ್ಲಾಹನ ಹೆಸರಿನಲ್ಲಿ ಬಿಟ್ಟುಬಿಡುತ್ತೇನೆ ಎಂದುಕೊಂಡೆ. ಮನಸ್ಸು ಹಗುರಾಯಿತು. ಮೌಲಾನಾ ರೂಮಿಯವರು ಮಸ್ನವಿಯಲ್ಲಿ ಹೇಳಿದ ವ್ಯಾಪಾರಿಯ ಗಿಳಿಯ ಕಥೆ ನೆನಪಾಯಿತು. ಹಿಂದೂಸ್ತಾನಕ್ಕೆ ಹೊರಟ ವ್ಯಾಪಾರಿಯಲ್ಲಿ ಅವನ ಗಿಳಿ, ಅಲ್ಲಿಯ ಗಿಳಿಗಳಿಗೆ ತನ್ನ ಸೆರೆಯ ಸುದ್ದಿ ತಿಳಿಸೆಂದು ಬೇಡುತ್ತದೆ. ಸುದ್ದಿ ಕೇಳಿದ ಕಾಡಿನ ಗಿಳಿಯೊಂದು ನಡುಗಿ ಸತ್ತು ಬೀಳುತ್ತದೆ. ಅದನ್ನು ವ್ಯಾಪಾರಿ ಮನೆಗೆ ಬಂದು ಹೇಳಿದೊಡನೆ ಪಂಜರದ ಗಿಳಿಯೂ ಸತ್ತು ಬೀಳುತ್ತದೆ. ದುಃಖದಿಂದ ಅವನು ಅದನ್ನು ಹೊರಗೆಸೆದಾಗ ಅದು ಹಾರಿ ಕೊಂಬೆಯ ಮೇಲೆ ಕೂರುತ್ತದೆ. ನಿನ್ನ ಮಧುರ ದನಿಯೇ ನಿನ್ನನ್ನು ಸೆರೆಯಲ್ಲಿಟ್ಟಿದೆ, ಸತ್ತಂತಿರು ಎಂಬುದೇ ಕಾಡಿನ ಗಿಳಿ ಕಳಿಸಿದ ಪಾಠವಾಗಿತ್ತು. ನಮ್ಮ ಗಿಳಿಯನ್ನು ಹಿಡಿದಿಟ್ಟದ್ದೂ ಅದರ ದನಿಯೇ ಅಲ್ಲವೇ?

ಆದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಅವರು ಹೇಳಿದ್ದು ಬೇರೆ. ದಯವಿಟ್ಟು ನೀವೇ ಬಿಡಬೇಡಿ ಎಂದರು. ಮರಿಯಿಂದಲೇ ಪಂಜರದಲ್ಲಿದ್ದ ಹಕ್ಕಿಗೆ ಹಾರುವ ಸ್ನಾಯುಗಳಿಗೆ ಬಲವಿರುವುದಿಲ್ಲ, ಆಹಾರ ಹುಡುಕಲು ಬರುವುದಿಲ್ಲ, ಗಿಡುಗ ಯಾವುದು ಕಾಗೆ ಯಾವುದು ಗೊತ್ತಿರುವುದಿಲ್ಲ. ಎರಡು ದಿನವೂ ಬದುಕದು. ಪುಣ್ಯ ನನಗೆ, ಸಾವು ಅದಕ್ಕೆ ಎಂಬಂತಾಗುತ್ತಿತ್ತು. ಕೆಲವು ನಗರಗಳಲ್ಲಿ ಪಂಜರದ ಹಕ್ಕಿಗಳನ್ನು ಹಣ ಕೊಟ್ಟು ಬಿಡಿಸಿ ಪುಣ್ಯ ಗಳಿಸುವವರಿದ್ದಾರೆ. ಆ ಹಣದಿಂದಲೇ ಮರುದಿನ ಇನ್ನಷ್ಟು ಹಕ್ಕಿಗಳು ಹಿಡಿಯಲ್ಪಡುತ್ತವೆ. ಒಂದು ಜೀವಿಯನ್ನು ಪರಾಧೀನ ಮಾಡಿದ ಮೇಲೆ ಬಾಗಿಲು ತೆರೆದು ಕೈತೊಳೆದುಕೊಳ್ಳುವುದು ಸುಲಭ. ಕೂಡಿಹಾಕಿದ್ದಕ್ಕೆ ಹನ್ನೆರಡು ವರ್ಷ ತೆಗೆದುಕೊಂಡವರು ಬಿಡಿಸುವುದಕ್ಕೂ ಒಂದಿಷ್ಟು ತಾಳ್ಮೆ ತೋರಬೇಕಾಗುತ್ತದೆ. ಪುನರ್ವಸತಿ ಕೇಂದ್ರವೊಂದಿದೆ, ಅಲ್ಲಿ ದೊಡ್ಡ ಗೂಡಿನಲ್ಲಿ ಇಂತಹವೇ ಬೇರೆ ಗಿಳಿಗಳಿವೆ, ಹಾರಲು ಕಲಿತರೆ ಮುಂದೆ ನೋಡೋಣ, ಇಲ್ಲವಾದರೆ ತನ್ನವರ ನಡುವೆಯಾದರೂ ಇರುತ್ತದೆ ಎಂದರು. ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತೇನೋ.

ಕಷ್ಟವಿದ್ದುದು ಉಮ್ಮನಿಗೆ ಹೇಳುವುದರಲ್ಲಿ. ನನಗೆ ಅದು ಒಂದು ಹಕ್ಕಿ, ಒಂದು ತಪ್ಪು, ಒಂದು ಮಸ್‌ಅಲ. ಅವರಿಗೆ ಅದು ನಲವತ್ತು ವರ್ಷ ತನ್ನನ್ನು ಹೆಸರು ಹಿಡಿದು ಕರೆದ ಮನುಷ್ಯನ ದನಿ. ಇದ್ದತ್‌ನ ದಿನಗಳಲ್ಲಿ ಅವರು ಜಗಲಿಯ ಕಿಟಕಿಯ ಹಿಂದೆ ಕುಳಿತು ಆ ಕರೆಗೆ ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ. ಸತ್ತವರ ದನಿಗಾಗಿ ಬದುಕಿರುವ ಜೀವಿಯೊಂದನ್ನು ಸೆರೆಯಲ್ಲಿಡುವುದು ಸರಿಯೇ ಎಂದು ಸ್ವಂತ ತಾಯಿಯಲ್ಲಿ ಕೇಳುವುದು ಹೇಗೆ? ಯಾವ ಕಿತಾಬಿನಲ್ಲೂ ಅದಕ್ಕೆ ಮಾತುಗಳು ಸಿಗಲಿಲ್ಲ. ಮೂರು ವಾರ ಹೇಳಲಿಲ್ಲ. ಕೊನೆಗೆ ಹೇಳಿದಾಗ ಅವರು ಏನನ್ನೂ ಮಾತನಾಡದೆ ಎದ್ದು ಹೋದರು. ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಅಸರ್ ನಮಾಝಿನ ಬಳಿಕ ಕರೆದು, ನಿನ್ನ ತಂದೆಗೆ ಇದು ಗೊತ್ತಿದ್ದರೆ ತರುತ್ತಿದ್ದರೇ ಎಂದು ಕೇಳಿದರು. ತರುತ್ತಿರಲಿಲ್ಲ ಎಂದೆ. ಹಾಗಾದರೆ ಅವರ ಲೆಕ್ಕದಲ್ಲಿ ಇದು ಯಾಕೆ ಉಳಿಯಬೇಕು, ಕೊಟ್ಟುಬಿಡು ಎಂದರು.

ಕೊಂಡೊಯ್ಯುವ ದಿನ ಮಗಳು ಮೊಬೈಲಿನಲ್ಲಿ ಆ ಕರೆಯನ್ನು ಹಿಡಿದಿಟ್ಟಳು. ಅದು ಇನ್ನೂ ಇದೆ. ಉಮ್ಮ ಒಮ್ಮೆಯೂ ಅದನ್ನು ಕೇಳಿಲ್ಲ, ಅಳಿಸಲೂ ಬಿಟ್ಟಿಲ್ಲ. ಪಂಜರವನ್ನು ಗುಜರಿಗೆ ಹಾಕಿದೆವು. ಅದರ ಕೊಕ್ಕೆ ಮಾತ್ರ ಮಾಡಿನಲ್ಲಿ ಹಾಗೆಯೇ ಇದೆ. ಅದರ ಕೆಳಗೆ ಪುಚ್ಚೆ ಮಲಗುತ್ತದೆ, ಅದಕ್ಕೆ ಯಾವ ಪಶ್ಚಾತ್ತಾಪವೂ ಇದ್ದಂತಿಲ್ಲ.

ಆರು ತಿಂಗಳ ಬಳಿಕ ಕೇಂದ್ರದವರಲ್ಲಿ ವಿಚಾರಿಸಿದೆ. ಮಿಟ್ಟು ಮೊದಮೊದಲು ಮೂಲೆಯಲ್ಲಿ ಕೂರುತ್ತಿತ್ತಂತೆ. ಈಗ ಕೊಂಬೆಯಿಂದ ಕೊಂಬೆಗೆ ಹಾರುತ್ತದೆ, ಎದೆಯ ಪುಕ್ಕ ಬಂದಿದೆ, ಆದರೆ ಹೊರಗೆ ಬಿಡುವಂತಾಗಿಲ್ಲ ಎಂದರು. ಇನ್ನೂ ಆ ಹೆಸರನ್ನು ಕೂಗುತ್ತದೆಯೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಮಗಳು ಏನೋ ಯೋಚಿಸುತ್ತಾ ಕುಳಿತಿದ್ದಳು. ಆಮೇಲೆ ಕೇಳಿದಳು, ಗಿಳಿಗಳು ಜೊತೆಯವರ ಕರೆಯನ್ನು ಕಲಿಯುತ್ತವೆ ಎಂದಿರಲ್ಲ, ಹಾಗಾದರೆ ಅ‌ಲ್ಲಿರುವ ಗಿಳಿಗಳೆಲ್ಲ ಈಗ ಅಜ್ಜನಂತೆಯೇ ಅಜ್ಜಿಯನ್ನು ಕರೆಯುತ್ತಿರಬಹುದೇ ಎಂದು.

ಉಮ್ಮ ತಟ್ಟೆಯಿಂದ ತಲೆಯೆತ್ತಿ ಅವಳನ್ನು ನೋಡಿದರು. ಅಷ್ಟು ಮಂದಿಗೆ ಚಹಾ ಮಾಡುವವರು ಯಾರು ಎಂದರು.